ನೋಡದೆ ಹೇಳಲಾರೆ

ಘಟಪ್ರಭೆಯ ಹಿನ್ನೀರಿನಲ್ಲಿ ಮುಂದೆ ಮುಳುಗಿಹೋದ ಒಂದು ಪುಟ್ಟ ಊರಿನಲ್ಲಿ ರುಕ್ಮಾಂಗದ ಮಹೇಂದ್ರಕರ ಎಂಬ ಫೋಟೊಗ್ರಾಫರ್ ಇದ್ದರು. ಊರಿಗೆಲ್ಲ ಅವರದೊಂದೇ ಸ್ಟುಡಿಯೊ. ಮದುವೆ, ತೊಟ್ಟಿಲು, ಶಾಲೆಯ ಗುಂಪುಚಿತ್ರ, ಎಲ್ಲವೂ ಅವರ ಕ್ಯಾಮೆರಾದ ಮುಂದೆಯೇ ನಡೆದವು. ಜನ ಊರು ಬಿಟ್ಟು ಹೊಸ ಬಡಾವಣೆಗೆ ಬಂದ ವರ್ಷವೇ ಅವರು ತೀರಿಕೊಂಡರು. ಅವರ ನೆಗೆಟಿವ್‌ಗಳ ತಗಡಿನ ಪೆಟ್ಟಿಗೆ ಹೊಸ ಮನೆಯ ಅಟ್ಟ ಸೇರಿತು. ಅಲ್ಲಿ ಅದನ್ನು ಎಲ್ಲರೂ ಮರೆತರು.

ಅವರ ಮೊಮ್ಮಗಳು ಮುಕ್ತಾ ಪಿಯುಸಿ ಓದುತ್ತಿದ್ದಾಗ ಪೆಟ್ಟಿಗೆ ಮತ್ತೆ ಕೆಳಗಿಳಿಯಿತು. ಮುಚ್ಚಳ ತೆಗೆದೊಡನೆ ಹುಳಿ ವಾಸನೆ ಮೂಗಿಗೆ ಬಡಿಯಿತು. ಒಳಗಿದ್ದ ನೆಗೆಟಿವ್‌ಗಳು ತಮ್ಮ ತೆಳುಕಾಗದದ ಲಕೋಟೆಗಳ ಸಮೇತ ಒಂದಕ್ಕೊಂದು ಅಂಟಿಕೊಂಡು ಇಟ್ಟಿಗೆಯಂತಾಗಿದ್ದವು. ಮೇಲುಗಡೆ ಕಂಡ ಲಕೋಟೆಯೊಂದರ ಅಂಚಿನಲ್ಲಿ ಅಜ್ಜನ ಅಕ್ಷರಗಳಿದ್ದವು: ‘ಬಾಳವ್ವನ ಕೂಸು.’

ಬಾಳವ್ವ ಪಕ್ಕದ ಮನೆಯವಳು. ಖಾನಾವಳಿಗೆ ಜೋಳದ ರೊಟ್ಟಿ ಬಡಿದುಕೊಟ್ಟು ಬದುಕುವ ಒಂಟಿ ಮುದುಕಿ. ಸುದ್ದಿ ಕೇಳಿ ಹಿಟ್ಟಿನ ಕೈಯಲ್ಲೇ ಓಡಿಬಂದಳು. ಲಕೋಟೆಯನ್ನು ಮುಟ್ಟಲು ಅಂಜಿ, ಕೈಗಳನ್ನು ಹಿಂದೆ ಕಟ್ಟಿಕೊಂಡು ನಿಂತಳು.

“ನನ್ನ ಚೆನ್ನಿ, ಮೂರು ವರ್ಷದಾಕಿ. ಒಂದ ಸಲ ಪಟ ತೆಗಸಿದ್ದೆ. ಮುಂದಿನ ವರ್ಷ ಕಾಮಾಲಿ ಆಗಿ ಹೋದಳು. ಊರು ಬಿಡೂಮುಂದ ಟ್ರ್ಯಾಕ್ಟರಿನಿಂದ ಪಟ ಬಿದ್ದು ಕೆಸರಾಗ ಹೋತು,” ಎಂದಳು. ಆಮೇಲೆ ದನಿ ತಗ್ಗಿಸಿದಳು. “ಕೂದಲಾ ನೆನಪೈತಿ, ಕಾಲ್ಗೆಜ್ಜಿ ನೆನಪೈತಿ. ಮಾರಿ ನೆನಪಾಗವಲ್ದವಾ, ಮುಕ್ತಾ. ಹಡದಾಕಿಗೆ ಮಗಳ ಮಾರಿ ನೆನಪಾಗವಲ್ದು.”

ಮುಕ್ತಾ ಆಕೆಯ ಹಿಟ್ಟಿನ ಕೈಗಳನ್ನು ಹಿಡಿದುಕೊಂಡಳು. “ನಾನು ಕಲತು ಬಂದು ತೆಗೆದುಕೊಡ್ತೀನಿ, ಆಯಿ,” ಎಂದಳು.

ಹೀಗೆ ಮುಕ್ತಾ ಛಾಯಾಗ್ರಹಣದಲ್ಲಿ ಪದವಿ ಓದಬೇಕೆಂದು ನಿಶ್ಚಯಿಸಿದಳು. ಮನೆಯಲ್ಲಿ ಸ್ವಲ್ಪ ಗೊಣಗಾಟವಾಯಿತು. ತಾಯಿ ವತ್ಸಲಾ, “ಮೊಬೈಲ್ ಇದ್ದವರೆಲ್ಲಾ ಫೋಟೊ ಹೊಡೀತಾರ, ಅದಕ್ಕ ಮೂರು ವರ್ಷದ ಕಾಲೇಜ್ ಬೇಕೇನ?” ಎಂದರು. ಬಾಳವ್ವ ಮಾತ್ರ ನಕ್ಕು, “ಗ್ರಹಣ ಬಿಡೂದು ಗೊತ್ತಿತ್ತು. ಗ್ರಹಣ ಕಲಸೂ ಸಾಲಿನೂ ಐತಿ ಅನ್ನೂದು ಗೊತ್ತಿರಲಿಲ್ಲ,” ಎಂದಳು. ಎಲ್ಲರೂ ನಕ್ಕರು. ಗೊಣಗಾಟ ಅಲ್ಲಿಗೆ ಮುಗಿಯಿತು.

ಉಳಿದದ್ದು ಆಯ್ಕೆ. ಮುಕ್ತಾಳ ಅಂಕಗಳಿಗೆ ಎರಡು ಕಾಲೇಜುಗಳು ಸಿಗುತ್ತಿದ್ದವು. ಒಂದು, ಬಡಾವಣೆಯಿಂದ ನಾಲ್ಕು ತಾಸಿನ ದಾರಿಯಲ್ಲಿದ್ದ ಸಾಧಾರಣ ಚಿತ್ರಕಲಾ ಕಾಲೇಜು. ಇನ್ನೊಂದು ದೂರದ ನಗರದಲ್ಲಿದ್ದ ಹೆಸರುವಾಸಿ ಕಾಲೇಜು.

ಮೊದಲನೆಯದಕ್ಕೆ ಮುಕ್ತಾ ಫೋನ್ ಮಾಡಿದಳು. ನಾಗಠಾಣ ಮೇಡಂ ಎಂಬ ಅಧ್ಯಾಪಕಿ ಮಾತನಾಡಿದರು. ಅಂಟಿಕೊಂಡ ನೆಗೆಟಿವ್‌ಗಳನ್ನು ಬಿಡಿಸಲು ಕಲಿಸುತ್ತೀರಾ ಎಂದು ಮುಕ್ತಾ ಕೇಳಿದಳು.

“ಸ್ವಲ್ಪ ಮಟ್ಟಿಗೆ ಗೊತ್ತು, ಕಲಿಸತೀನಿ,” ಎಂದರು ಮೇಡಂ. “ಸೇರೂಕಿಂತ ಮೊದಲು ಒಂದು ಸಲ ಬಂದು, ಫಿಲ್ಮ್ ತೊಳೆಯೂ ನಮ್ಮ ಡಾರ್ಕ್‌ರೂಮ್ ನೋಡು. ನಮ್ಮ ಹುಡುಗರ ಜೋಡಿ ಮಾತಾಡು. ಬರೂಮುಂದ ಪೆಟ್ಟಿಗಿ ತಗೊಂಡು ಬಾ.”

“ನಮ್ಮ ನೆಗೆಟಿವ್ ಉಳೀತಾವೇನ್ರಿ?”

“ನೋಡದೆ ಹೇಳಲಾರೆ.”

“ಅಂದಾಜಿನ ಮ್ಯಾಲಾದರೂ?”

“ನೋಡದೆ ಅಂದಾಜೂ ಹೇಳಲಾರೆ, ತಂಗಿ.”

ಪೆಟ್ಟಿಗೆಯ ವಿಷಯವಾಗಿ ಮೇಡಂ ಇನ್ನೂ ಏನನ್ನೋ ಹೇಳಲಿದ್ದರು. ಮುಕ್ತಾಳ ಮನಸ್ಸು ಮುದುಡಿತ್ತು. “ಆತು ಮೇಡಂ” ಎಂದು ಫೋನ್ ಇಟ್ಟುಬಿಟ್ಟಳು.

ಎರಡನೆಯ ಕಾಲೇಜಿನ ಬಗೆಗೆ ಫೋನ್ ಮಾಡುವ ಅಗತ್ಯವೇ ಬೀಳಲಿಲ್ಲ. ಅದರ ಕಥೆ ತಾನಾಗಿಯೇ ಮೊಬೈಲಿಗೆ ಬಂದಿತ್ತು. ಆ ಕಾಲೇಜಿನ ಮಹಾಗುರುಗಳು ಮೊದಲ ವರ್ಷ ಶಿಷ್ಯರಿಗೆ ಕ್ಯಾಮೆರಾ ಮುಟ್ಟಲು ಬಿಡುವುದಿಲ್ಲವಂತೆ. ಕಣ್ಣು ಪಳಗಿದ ಮೇಲೆಯೇ ಕೈಗೆ ಕೊಡುವರಂತೆ. ಒಮ್ಮೆ ಒಬ್ಬ ವಿಧವೆ ಸುಟ್ಟು ಕರಕಲಾದ ನೆಗೆಟಿವ್ ತಂದಾಗ ಗುರುಗಳು ಅದನ್ನು ಅಂಗೈಯಲ್ಲಿಟ್ಟುಕೊಂಡು ಮೂರು ದಿನ ಮೌನವಾಗಿ ಕುಳಿತರಂತೆ. ನಾಲ್ಕನೆಯ ದಿನ ಅದರಲ್ಲಿ ಆಕೆಯ ಗಂಡನ ಮುಖ ಮೂಡಿತಂತೆ. ಸುಟ್ಟ ಫಿಲ್ಮಿನಲ್ಲಿ ಮೂಡಲು ಏನು ಉಳಿದಿರುತ್ತದೆಂದು ಆ ಕಥೆ ಹೇಳುವುದಿಲ್ಲ. ವಿಧವೆಯ ಹೆಸರಾಗಲಿ ಊರಾಗಲಿ ಅದರಲ್ಲಿ ಇಲ್ಲ. ಆದರೆ ಓದಿದವರ ಕಣ್ಣು ತುಂಬಿಬರುತ್ತಿತ್ತು. ಕಣ್ಣು ತುಂಬಿದಾಗ ಅಕ್ಷರಗಳು ಸರಿಯಾಗಿ ಕಾಣುವುದಿಲ್ಲ.

ವತ್ಸಲಾ ಒಂದು ಮಾತು ಹೇಳಿದರು. “ಸೀರಿ ತಗೋಳಾಕ ಹೋದ್ರೂ ಸೆರಗು ಬಿಚ್ಚಿಸಿ ನೋಡತೀವಿ. ಎರಡೂ ಕಡೆ ಹೋಗಿ ನೋಡೂಣು ನಡಿ.”

“ಒಬ್ಬರು ಆಗತೈತಿ ಅಂತಾರ, ಒಬ್ಬರು ಗೊತ್ತಿಲ್ಲ ಅಂತಾರ. ಇದರಾಗ ನೋಡೂದು ಏನೈತಿ, ಅವ್ವಾ?” ಎಂದಳು ಮುಕ್ತಾ.

ಜೂನ್ ತಿಂಗಳಲ್ಲಿ ಆಕೆ ದೂರದ ಕಾಲೇಜಿಗೆ ಹೊರಟಳು. ಪೆಟ್ಟಿಗೆಯ ಮೇಲೆ ಅತೀವ ಅಕ್ಕರೆಯಿತ್ತು. ಗಾಳಿ ತಾಗದಂತೆ ಒಳಗಿನ ನೆಗೆಟಿವ್‌ಗಳಿಗೆ ಮೂರು ಸುತ್ತು ಪ್ಲಾಸ್ಟಿಕ್ ಸುತ್ತಿದಳು. ಮುಚ್ಚಳದ ಅಂಚಿಗೆ ಟೇಪು ಬಿಗಿದಳು. ತಗಡಿನ ಚಾವಣಿಯ ಹಾಸ್ಟೆಲ್ ಕೋಣೆಯಲ್ಲಿ, ತನ್ನ ಮಂಚದ ಕೆಳಗೆ ಅದನ್ನು ಜೋಪಾನವಾಗಿ ಇಟ್ಟಳು.

ತರಗತಿಗಳು ಆರಂಭವಾದವು. ಕಥೆ ಹೇಳಿದಂತೆ ಕ್ಯಾಮೆರಾ ಯಾರ ಕೈಗೂ ಬರಲಿಲ್ಲ. ಮುಕ್ತಾ ಅದನ್ನು ಶಿಸ್ತೆಂದು ತಿಳಿದು ಸಂತೋಷಪಟ್ಟಳು. ಗುರುಗಳ ಬಗೆಗೆ ವಿಚಾರಿಸಿದರೆ ಹಿರಿಯ ವಿದ್ಯಾರ್ಥಿಗಳು ಒಬ್ಬರ ಮುಖ ಒಬ್ಬರು ನೋಡಿ, “ಎರಡನೇ ವರ್ಷ ಬರ್ತಾರೆ” ಎನ್ನುತ್ತಿದ್ದರು.

ಸೆಪ್ಟೆಂಬರಿನಲ್ಲಿ ಒಂದು ದಿನ ಆಕೆ ಡಾರ್ಕ್‌ರೂಮ್ ತೋರಿಸೆಂದು ಅಟೆಂಡರ್ ಪುಟ್ಟಮಾದಯ್ಯನವರನ್ನು ಕೇಳಿಕೊಂಡಳು. ಅವರು ಬೀಗ ತೆಗೆದರು. ಒಳಗೆ ಮುರಿದ ಕುರ್ಚಿಗಳು ಸೂರಿನವರೆಗೆ ಪೇರಿಸಲ್ಪಟ್ಟಿದ್ದವು.

“ಗುರುಗಳು ಎಲ್ಲಿ ಕೆಲಸ ಮಾಡ್ತಾರ?”

“ಯಾವ್ ಗುರುಗಳವ್ವ? ಅವ್ರು ಬುಟ್ಟೋಗಿ ಹನ್ನೆರಡು ವರ್ಸ ಆಯ್ತು. ಒಳ್ಳೇ ಮನ್ಸ. ಲೈಟಿಂಗ್ ಪಾಠ ಮಾಡೋರು. ನೆಗೆಟಿವ್ ಗಿಗೆಟಿವ್ ಅವ್ರಿಗೂ ಗೊತ್ತಿರ್ಲಿಲ್ಲ.”

“ಮತ್ತ ಮೊದಲ ವರ್ಷ ಕ್ಯಾಮೆರಾ ಮುಟ್ಟಿಸದೇ ಇರೂದು?”

ಪುಟ್ಟಮಾದಯ್ಯ ನಗಲಿಲ್ಲ. ಆಕೆಯ ಮುಖ ನೋಡಿ ಅವರಿಗೆ ನಗು ಬರಲಿಲ್ಲ. “ಕ್ಲಾಸ್ಗೆ ಮೂವತ್ತಾರು ಜನ ನೀವು. ಇರೋವು ನಾಲ್ಕು ಕ್ಯಾಮೆರಾ, ಅದ್ರಲ್ಲಿ ಒಂದು ಕೆಟ್ಟದೆ. ಎಲ್ರೂ ಮುಟ್ಟುದ್ರೆ ಉಳಿದಾವಾ ಹೇಳು? ಅದುಕ್ಕೆ ಯಾರೋ ಒಂದು ಕತೆ ಕಟ್ಟುದ್ರು. ಕೊರತೆ ಮುಚ್ಕೊಳಕ್ಕೆ ಕತೆಗಿಂತ ಒಳ್ಳೇ ಪರದೆ ಸಿಕ್ಕಲ್ಲ ಕಣವ್ವ.”

ಅಂದೇ ಮುಕ್ತಾ ಪೆಟ್ಟಿಗೆ ಹಿಡಿದು ನಾಗಠಾಣ ಮೇಡಂ ಬಳಿಗೆ ಹೋಗಬಹುದಿತ್ತು. ರಾತ್ರಿ ಬಸ್ಸು ಹತ್ತಿದರೆ ಬೆಳಗಾಗುವಷ್ಟರಲ್ಲಿ ಮುಟ್ಟುವ ದಾರಿ. ಆಕೆ ಹೋಗಲಿಲ್ಲ. ಗೊತ್ತಿಲ್ಲವೆಂದವರನ್ನು ಬಿಟ್ಟು ಬಂದವಳು ಯಾವ ಮುಖ ಹೊತ್ತು ಅವರ ಬಾಗಿಲು ತಟ್ಟಬೇಕು? ನಾಚಿಕೆ ಕಾಲಿಗೆ ಕಟ್ಟಿದ ಗುಂಡುಕಲ್ಲಾಯಿತು. ಈಗ ಅವಳಿಗೂ ಗೊತ್ತಾಯಿತು, ಆ ಹಿರಿಯ ವಿದ್ಯಾರ್ಥಿಗಳು ಏಕೆ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರೆಂದು.

ದಸರೆಗೆ ಊರಿಗೆ ಬಂದಾಗ ಬನ್ನಿ ಕೊಡಲು ಬಾಳವ್ವನ ಮನೆಗೆ ಹೋದಳು. “ಬನ್ನಿ ತಗೊಂಡು ಬಂಗಾರದಂಗ ಇರೂಣು, ಆಯಿ,” ಎಂದು ಎಲೆಗಳನ್ನು ಕೈಗಿತ್ತು ಕಾಲಿಗೆರಗಿದಳು.

ಬಾಳವ್ವ ತಲೆ ಸವರುತ್ತ ಕೇಳಿದಳು. “ನಿಮ್ಮ ಗುರುಗಳು ಪೆಟ್ಟಿಗಿ ನೋಡಿದ್ರೇನವಾ?”

ಮುದುಕಿಯ ಕಣ್ಣುಗಳಲ್ಲಿದ್ದ ಆಸೆಯನ್ನು ಕಂಡು ಮುಕ್ತಾಳ ನಾಲಿಗೆ ತಪ್ಪಿತು. “ನೋಡಿದ್ರು, ಆಯಿ. ಆಗತೈತಿ ಅಂದ್ರು.”

“ಹೌದ?”

“ಅಂಗೈಯಾಗ ಹಿಡದು ನೋಡಿದ್ರು. ಮೂರು ತಿಂಗಳಾಗಲಿ, ಆರು ತಿಂಗಳಾಗಲಿ, ಮಾರಿ ಬಂದಽ ಬರತೈತಿ ಅಂದ್ರು.”

ಬಾಳವ್ವ ಬನ್ನಿಯ ಎಲೆಗಳನ್ನು ಕಣ್ಣಿಗೊತ್ತಿಕೊಂಡು ದೇವರ ಜಗಲಿಯ ಮೇಲೆ ಇಟ್ಟಳು. ಮೋಸಹೋದವಳು ಅಂದು ಮೋಸ ಮಾಡಿದವಳಾದಳು. ಕಥೆಗಳು ಹೀಗೆಯೇ ಬೆಳೆಯುತ್ತವೆ. ಅವುಗಳಿಗೆ ಕೆಟ್ಟವರೇ ಬೇಕೆಂದಿಲ್ಲ. ಮನಸ್ಸು ನೋಯಿಸಲಾರದ ಒಳ್ಳೆಯವರು ಸಾಕು.

ಏಪ್ರಿಲ್ ಬಂತು. ತಗಡಿನ ಚಾವಣಿ ಕಾದ ಹೆಂಚಾಯಿತು. ಒಂದು ಮಧ್ಯಾಹ್ನ ಪ್ಲಾಸ್ಟಿಕ್ಕಿನ ಮೂರು ಸುತ್ತುಗಳನ್ನೂ ದಾಟಿ ಹುಳಿ ವಾಸನೆ ಕೋಣೆಯನ್ನೆಲ್ಲ ತುಂಬಿತು. ಜೊತೆಯ ಹುಡುಗಿಯರು, “ಉಪ್ಪಿನಕಾಯಿ ಭರಣಿ ಇಟ್ಕೊಂಡಿದ್ದೀಯೇನೇ?” ಎಂದು ಛೇಡಿಸಿದರು. ನಾಚಿಕೆಗಿಂತ ಭಯ ದೊಡ್ಡದಾದ ಆ ದಿನ ಮುಕ್ತಾ ಪೆಟ್ಟಿಗೆ ಎತ್ತಿಕೊಂಡು ಬಸ್ಸು ಹತ್ತಿದಳು.

ನಾಗಠಾಣ ಮೇಡಂ ಅವರ ಡಾರ್ಕ್‌ರೂಮ್ ಚಿಕ್ಕದಾಗಿತ್ತು, ಚೊಕ್ಕಟವಾಗಿತ್ತು. ಗೋಡೆಗೆ ಹೊಂದಿಸಿದ ತೊಟ್ಟಿಗಳು, ದಾರಕ್ಕೆ ಸಿಕ್ಕಿಸಿದ ಕ್ಲಿಪ್ಪುಗಳು, ಮೂಲೆಯಲ್ಲಿ ತಿರುಗುವ ಫ್ಯಾನು. ಮೇಡಂ ಟೇಪು ಕತ್ತರಿಸಿದರು. ಪ್ಲಾಸ್ಟಿಕ್ಕನ್ನು ಕಂಡು ಒಂದು ಕ್ಷಣ ಕೈ ತಡೆದರು.

“ಹಳೇ ಫಿಲ್ಮಿಗೆ ಒಂದು ರೋಗ ಇರತೈತಿ. ಸೆಕಿಗೆ ಹುಳೀತೈತಿ. ಆ ಹಬೆ ಹೊರಗ ಹೋಗಾಕ ದಾರಿ ಇರಬೇಕು. ಇಲ್ಲಂದ್ರ ತನ್ನನ್ನ ತಾನಽ ತಿಂತೈತಿ.” ಅವರ ದನಿಯಲ್ಲಿ ಬೈಗುಳವಿರಲಿಲ್ಲ. “ಅವತ್ತು ಫೋನಿನಾಗ ಅದನ್ನಽ ಹೇಳೂದಿತ್ತು.”

ಎರಡು ದಿನ ಅವರು ಕೆಲಸ ಮಾಡಿದರು. ಮುಕ್ತಾ ಪಕ್ಕದಲ್ಲಿ ನಿಂತು ಕೈಗೆ ಬೇಕಾದುದನ್ನು ಒದಗಿಸಿದಳು. ತಳದಿಂದ ಮೂರು ನೆಗೆಟಿವ್‌ಗಳು ಬಿಟ್ಟುಕೊಂಡವು: ಬಾಸಿಂಗ ಕಟ್ಟಿದ ವರ, ಎತ್ತಿನ ಜೋಡಿ, ಗುರುತು ಸಿಗದ ಇಬ್ಬರು ಹೆಂಗಸರು. ಮೇಲಿನವು ಬಿಡಲಿಲ್ಲ. ‘ಬಾಳವ್ವನ ಕೂಸು’ ಎಂಬ ಲಕೋಟೆಯನ್ನು ಮೇಡಂ ಕೊನೆಗೆ ಬಿಡಿಸಿದರು. ಚಿತ್ರದ ಪದರ ಪೂರ್ತಿಯಾಗಿ ಕಾಗದಕ್ಕೆ ಅಂಟಿ, ಹುಡಿಯಾಗಿ ಉದುರಿತು. ಕೈಯಲ್ಲಿ ಉಳಿದದ್ದು ಮುದುಡಿದ ಖಾಲಿ ಹಾಳೆ.

ಮುಕ್ತಾ ಕೇಳಿದಳು. “ಹೋದ ಜೂನಿನಾಗ ತಂದಿದ್ರ ಉಳೀತಿತ್ತೇನ್ರಿ, ಮೇಡಂ?”

ಹೌದೆಂದರೆ ಆ ಹುಡುಗಿ ಕುಸಿಯುತ್ತಿದ್ದಳು. ಇಲ್ಲವೆಂದರೆ ಹಗುರಾಗುತ್ತಿದ್ದಳು. ಮೇಡಂ ಎರಡನ್ನೂ ಹೇಳಲಿಲ್ಲ. “ಗೊತ್ತಿಲ್ಲ, ತಂಗಿ. ಆವಾಗ ನಾ ನೋಡಿಲ್ಲ,” ಎಂದರು.

ಊರಿಗೆ ಬಂದವಳೇ ಮುಕ್ತಾ ನೇರವಾಗಿ ಬಾಳವ್ವನ ಮನೆಗೆ ಹೋದಳು. ದಾರಿಯುದ್ದಕ್ಕೂ ಹಲವು ಮೆತ್ತನೆಯ ಮಾತುಗಳು ಹೊಳೆದಿದ್ದವು. ಹೊಸ್ತಿಲಲ್ಲಿ ಅವನ್ನೆಲ್ಲ ಬಿಟ್ಟಳು.

“ಆಯಿ, ಚೆನ್ನೀ ಫೋಟೊ ಹೋತು. ಇನ್ನ ಬರೂದಿಲ್ಲ.”

ಬಾಳವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. “ನಿಮ್ಮ ಗುರುಗಳು ಬಂದಽ ಬರತೈತಿ ಅಂದಿದ್ರಲ್ಲ?”

“ಗುರುಗಳು ಇಲ್ಲಽ ಇಲ್ಲ, ಆಯಿ. ದಸರಿಗೆ ನಾ ಹೇಳಿದ್ದು ಸುಳ್ಳು.”

ಹಂಚಿನ ಮೇಲಿನ ರೊಟ್ಟಿ ಸೀದುಹೋಯಿತು. ಇಬ್ಬರೂ ಅದನ್ನು ತೆಗೆಯಲಿಲ್ಲ. ಹೊಗೆ ಕಣ್ಣಿಗೆ ಬಂದಾಗ ಬಾಳವ್ವ ಎದ್ದು, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಒಳಕೋಣೆಗೆ ನಡೆದಳು. ಮುಕ್ತಾ ಹಿಂದೆ ಹೋದಳು. ಹಾಸಿಗೆಯ ಎದುರಿನ ಗೋಡೆಯನ್ನು ಹೊಸದಾಗಿ ಸುಣ್ಣ ಬಳಿದು ಬೆಳ್ಳಗೆ ಮಾಡಲಾಗಿತ್ತು. ನಡುವೆ ಒಂದು ಮೊಳೆ ಇತ್ತು.

“ನೀ ಹೇಳಿದ ಮರುದಿನಽ ಹೊಡಿಸಿದೆ,” ಎಂದಳು ಬಾಳವ್ವ. “ಮುಂಜಾನೆ ಕಣ್ಣು ತಗದ ಕೂಡಲೆ ಮಾರಿ ಕಾಣಬೇಕಂತ, ಮಲಗಿ ಮಲಗಿ ಅಳತಿ ನೋಡಿ ಹೊಡಿಸಿದೆ. ಆರು ತಿಂಗಳು ದಿನಾ ಎದ್ದು ಅಲ್ಲೇ ನೋಡೀನಿ. ಅವತ್ತಽ ಹೇಳಿದ್ರ ಅವತ್ತಽ ಅತ್ತು ಮುಗಸತಿದ್ನಲ್ಲವಾ.”

ಮುಕ್ತಾ ನೆಲಕ್ಕೆ ಕುಸಿದು ಅತ್ತಳು. ಬಾಳವ್ವ ಅವಳನ್ನು ಬೈಯಲಿಲ್ಲ, ಸಂತೈಸಲೂ ಇಲ್ಲ. ಗೋಡೆಯ ಕಡೆಗೆ ಬೆನ್ನು ಮಾಡಿ ನಿಂತಳು.

“ಬರೇ ಮೊಳಿ ನೋಡಾಕ ಆಗೂದಿಲ್ಲ,” ಎಂದಳು ಕೊನೆಗೆ. “ಅಂಗಡಿಗೆ ಹೋಗಿ ಒಂದು ಕ್ಯಾಲೆಂಡರ್ ತಂದು ಹಾಕು. ಯಾವುದರೆ ಆಗಲಿ. ಕೂಸಿನ ಚಿತ್ರ ಇರೂದು ಮಾತ್ರ ಬ್ಯಾಡ.”

ಮುಕ್ತಾ ಕ್ಯಾಲೆಂಡರ್ ತಂದು ಹಾಕಿದಳು. ಜೂನ್ ತಿಂಗಳಲ್ಲಿ ಆಕೆ ನಾಗಠಾಣ ಮೇಡಂ ಅವರ ಕಾಲೇಜಿನಲ್ಲಿ ಮತ್ತೆ ಮೊದಲ ವರ್ಷಕ್ಕೆ ಸೇರಿದಳು. ಮುಂದೆ ಎಷ್ಟೋ ಮನೆಗಳ ಹಳೆಯ ಚಿತ್ರಗಳು ಆಕೆಯ ಕೈಯಲ್ಲಿ ಉಳಿದುಕೊಂಡವು. ಚೆನ್ನಿಯ ಮುಖವನ್ನು ಮಾತ್ರ ಯಾರೂ ಮತ್ತೆ ಕಾಣಲಿಲ್ಲ.

ನೀತಿ: ವಿದ್ಯೆಯ ಮನೆಯನ್ನು ಅದರ ಕಥೆ ಕೇಳಿ ಆರಿಸಬೇಡಿ, ಹೋಗಿ, ಬೀಗ ತೆಗೆಸಿ, ಒಳಗೆ ಏನಿದೆ ಎಂದು ಕಣ್ಣಾರೆ ನೋಡಿ ಆರಿಸಿ. ಎಲ್ಲವೂ ಆಗುತ್ತದೆ ಎಂಬವರಿಗಿಂತ, ನೋಡದೆ ಹೇಳಲಾರೆ ಎಂಬವರೇ ನಂಬಿಕೆಗೆ ಯೋಗ್ಯರು. ಒಂದು ವೇಳೆ ಆಯ್ಕೆ ತಪ್ಪಿದರೆ, ತಪ್ಪಿತೆಂದು ತಿಳಿದ ದಿನವೇ ಬಾಯಿಬಿಟ್ಟು ಹೇಳಿ. ನಮ್ಮ ನಾಚಿಕೆಗಾಗಿ ನಾವು ಸತ್ಯ ಮುಚ್ಚಿಟ್ಟರೆ, ನಮ್ಮನ್ನು ನಂಬಿದವರು ಬಾರದುದಕ್ಕಾಗಿ ದಿನವೂ ಎದ್ದು ಕಾಯುತ್ತಿರುತ್ತಾರೆ.