ಮೂರನೆಯ ಹಲಗೆ

"ಅಜ್ಜಾರ, ಮಡಿವಾಳಪ್ಪನ್ನ ಊರಿಗೆ ಕಳಿಸಿಬಿಡೂಣೇನ್ರಿ?"

ಮಠದ ಗುರುಗಳಾದ ಅಜ್ಜನವರನ್ನು ಹೀಗೆ ಕೇಳಿದವನು ಅಲ್ಲಿಯ ಹಿರಿಯ ಶಿಷ್ಯ ಕಲ್ಲಯ್ಯ. ಮಡಿವಾಳಪ್ಪ ಮಠಕ್ಕೆ ಹೊಸಬ. ಅಜ್ಜನವರು ಒಂದು ಮಾತಿಗೆ ಅರ್ಥ ಬಿಡಿಸಿ ಹೇಳಿದರೆ ಸಾಕು, "ಹಂಗಾದರ..." ಎಂದು ಶುರು ಹಚ್ಚುತ್ತಿದ್ದ. ಅಂದು ಬೆಳಗಿನ ಪಾಠವೆಲ್ಲ ಅವನ ತಕರಾರಿನಲ್ಲೇ ಮುಗಿದುಹೋಗಿತ್ತು. ಕಲ್ಲಯ್ಯನಿಗೆ ರೇಗಿತು. ಗಂಟು ಕಟ್ಟಿಕೋ ಎಂದು ಹೇಳಿಯೂ ಬಿಟ್ಟ. ಮಡಿವಾಳಪ್ಪ ಗಂಟು ಕಟ್ಟಿಕೊಂಡು ಹೊರಗೆ ಬೇವಿನ ಕಟ್ಟೆಯ ಮೇಲೆ ಬಸ್ಸಿನ ದಾರಿ ನೋಡುತ್ತ ಕುಳಿತಿದ್ದ. ಅಜ್ಜನವರ ಬಾಯಿಂದ ಒಂದು 'ಹೂಂ' ಬರುವುದಷ್ಟೇ ಬಾಕಿ.

ಅಜ್ಜನವರು ಹೂಂ ಎನ್ನಲಿಲ್ಲ. ನಿನಗೂ ನನಗೂ ಎಂದಾದರೂ ಮಾತಿಗೆ ಮಾತು ಬಂದದ್ದುಂಟೇ ಎಂದು ಕೇಳಿದರು. ಇಷ್ಟು ವರ್ಷದಲ್ಲಿ ಒಮ್ಮೆಯೂ ಇಲ್ಲ, ನಿಮ್ಮ ಮಾತೇ ನನ್ನ ಮಾತು ಎಂದು ಕಲ್ಲಯ್ಯ ಹೆಮ್ಮೆಯಿಂದ ಹೇಳಿದ. ಅಜ್ಜನವರ ಕಣ್ಣು ಮಿನುಗಿತು. ಕತೆ ಬರುವ ಮುಂಚೆ ಅವರ ಕಣ್ಣು ಹಾಗೆ ಮಿನುಗುವುದು ಮಠದವರಿಗೆಲ್ಲ ಗೊತ್ತು. ಕೂತುಕೋ, ಬಸ್ಸಿಗೆ ಇನ್ನೂ ಹೊತ್ತಿದೆ ಎಂದು ಅವರು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಕಮ್ಮಾರನಿದ್ದ. ಬಂಡಿಯ ಗಾಲಿಗೆ ಕಬ್ಬಿಣದ ಹಳಿ ಹಾಕುವುದು ಅವನ ಕಸುಬು. ಒಮ್ಮೆ ಆ ಊರ ಗೌಡರ ಮನೆಗೆ ದೂರದೇಶದ ಕಬ್ಬಿನ ಗಾಣವೊಂದು ಬಂತು. ಸುಗ್ಗಿಯ ನಡುವೆಯೇ ಮುರಿಯಿತು. ರಿಪೇರಿಗೆಂದು ಕೊಟ್ಟರೆ ಕಮ್ಮಾರ ಅದನ್ನು ತಿರುಪು ತಿರುಪಾಗಿ ಬಿಚ್ಚಿ ಅಂಗಳದ ತುಂಬ ಹರಡಿದ. ಹೆಂಡತಿ ತಲೆಯ ಮೇಲೆ ಕೈ ಹೊತ್ತಳು. ಅವನು ಮಾತ್ರ ಹಬ್ಬದೂಟದ ಎಲೆಯ ಮುಂದೆ ಕುಳಿತವನಂತೆ ಹಿಗ್ಗಿದ್ದ. ಸುಗ್ಗಿ ಮುಗಿಯುವ ಮುಂಚೆ ಗೌಡರ ಗಾಣ ಮತ್ತೆ ತಿರುಗಿತು. ಮರುವರ್ಷ ಅದರ ಪಕ್ಕದ ಹೊಲದಲ್ಲಿ ಕಮ್ಮಾರನೇ ಮಾಡಿದ ಗಾಣ ತಿರುಗಿತು, ರಸವೂ ಹೆಚ್ಚೇ ಬಂತು.

ಅಲ್ಲಿಂದ ಅವನ ಕೈ ನಿಲ್ಲಲಿಲ್ಲ. ಎಣ್ಣೆಯ ಗಾಣ ಮಾಡಿದ, ನೀರೆತ್ತುವ ಪಂಪು ಮಾಡಿದ. ಕುಲುಮೆ ಇದ್ದಲ್ಲಿ ಕಾರ್ಖಾನೆ ಎದ್ದಿತು. ಕೊನೆಗೆ ಲೇತ್ ಮಾಡುತ್ತೇನೆಂದು ಹೊರಟ. ಲೇತ್ ಎಂದರೆ ಕಬ್ಬಿಣದ ಸಲಾಕೆಯನ್ನು ಗರಗರ ತಿರುಗಿಸಿ, ಉಳಿ ಹಿಡಿದು ಕೆತ್ತಿ, ನುಣ್ಣಗೆ ಮಾಡುವ ಯಂತ್ರ. ಬೇರೆ ಯಂತ್ರಗಳನ್ನೆಲ್ಲ ಹೆರುವ ತಾಯಿ ಅದು. ತಾಯಿಯ ತಳ ನೆಟ್ಟಗಿದ್ದರೆ ಮಕ್ಕಳೂ ನೆಟ್ಟಗೆ. ಅದು ಕೂದಲೆಳೆಯಷ್ಟು ಬಾಗಿದ್ದರೂ ಹುಟ್ಟಿದ್ದೆಲ್ಲ ಸೊಟ್ಟ. ತಳ ನೆಟ್ಟಗಿದೆಯೋ ಇಲ್ಲವೋ ನೋಡಬೇಕಾದರೆ ಸಮತಟ್ಟಾದ ಕಬ್ಬಿಣದ ಹಲಗೆಯೊಂದನ್ನು ಅದರ ಮೇಲಿಟ್ಟು ಉಜ್ಜಿ ನೋಡಬೇಕು. ಸರಿ, ಆ ಹಲಗೆ ಸಮತಟ್ಟಾಗಿದೆ ಎಂದು ಹೇಳುವವರು ಯಾರು?

ಅಜ್ಜನವರಿಗೆ ಆಗಲೇ ಹುರುಪು ಏರಿತ್ತು. ಮಣೆಯ ತುದಿಗೆ ಸರಿದು ಕುಳಿತು ಮುಂದುವರಿಸಿದರು.

ಕಮ್ಮಾರ ಮೂರು ಹಲಗೆಗಳನ್ನು ಎರಕ ಹೊಯ್ದ. ಒಂದಕ್ಕೆ ಎಣ್ಣೆಯಲ್ಲಿ ಕಲಸಿದ ಕಾವಿ ಬಳಿದು ಇನ್ನೊಂದರ ಮೇಲೆ ಮಗುಚಿ ಉಜ್ಜಿದ. ಎಲ್ಲಿ ಉಬ್ಬಿದೆಯೋ ಅಲ್ಲಿ ಮಾತ್ರ ಕೆಂಪು ಅಂಟಿತು. ಅಂಟಿದಲ್ಲಿ ಉಳಿಯಿಂದ ಹೆರೆದ. ಮೊದಲನೆಯದನ್ನು ಎರಡನೆಯದಕ್ಕೆ ಉಜ್ಜಿದ, ಎರಡನೆಯದನ್ನು ಮೂರನೆಯದಕ್ಕೆ, ಮೂರನೆಯದನ್ನು ತಿರುಗಿ ಮೊದಲನೆಯದಕ್ಕೆ. ಮೂರೂ ಒಂದಕ್ಕೊಂದು ಒಪ್ಪುವ ತನಕ ಕೈ ಬಿಡಲಿಲ್ಲ. ಆ ಹಲಗೆಗಳಿಂದ ಹುಟ್ಟಿದ ಲೇತ್ ಮೊದಲು ಓಡಿದ ದಿನ ಊರಿಗೆ ಊರೇ ಸೇರಿತ್ತು. ಕಬ್ಬಿಣ ಚಕ್ಕುಲಿಯ ಹಾಗೆ ಸುರುಳಿ ಸುರುಳಿಯಾಗಿ ಬಿದ್ದದ್ದನ್ನು ಕಂಡು ಮುದುಕರೂ ಕೇಕೆ ಹಾಕಿದರು.

ಕಮ್ಮಾರನಿಗೆ ಮೂವರು ಮಕ್ಕಳು. ಇಬ್ಬರು ಗಂಡು, ಕೊನೆಯವಳು ಹೆಣ್ಣು. ಒಬ್ಬೊಬ್ಬರ ವಶಕ್ಕೆ ಒಂದೊಂದು ಹಲಗೆ ಕೊಟ್ಟ. ಪ್ರತಿ ಆಯುಧಪೂಜೆಗೆ ಮೂವರನ್ನೂ ಕೂರಿಸಿಕೊಂಡು ಹಲಗೆಗಳನ್ನು ಉಜ್ಜಿಸುತ್ತಿದ್ದ. ಅದೇ ಅವನ ಪೂಜೆ. ಮೂರೇ ಯಾಕೆ ಎಂದು ಮಕ್ಕಳು ಕೇಳಿದರೆ, ನಿಮ್ಮವ್ವನ ಒಲೆಗೆ ಗುಂಡು ಎಷ್ಟು, ಹೋಗಿ ಎಣಿಸಿ ಬನ್ನಿ ಎನ್ನುತ್ತಿದ್ದ. ಮಕ್ಕಳು ನಕ್ಕು ಸುಮ್ಮನಾಗುತ್ತಿದ್ದರು.

ಮಗಳ ಬಾಯಿ ಮಾತ್ರ ಸುಮ್ಮನಿರುತ್ತಿರಲಿಲ್ಲ. ಇಲ್ಲಿ ಕೂತಿಲ್ಲ, ಅಲ್ಲಿ ಎದ್ದಿದೆ, ಇನ್ನೊಮ್ಮೆ ಉಜ್ಜು ಅಣ್ಣ ಎಂದು ಕಾಡುತ್ತಿದ್ದಳು. ಅರ್ಧಕ್ಕರ್ಧ ಸಲ ಅವಳದೇ ತಪ್ಪಿರುತ್ತಿತ್ತು. ಆದರೂ ಅಪ್ಪ ಇನ್ನೊಮ್ಮೆ ಉಜ್ಜಿಸುತ್ತಿದ್ದ. ಅಣ್ಣಂದಿರ ತೋಳು ಸೋತು ಬೀಳುತ್ತಿತ್ತು, ಎಲೆಗೆ ಬಡಿಸಿದ ಹೋಳಿಗೆ ಆರಿಹೋಗುತ್ತಿತ್ತು.

ಅಪ್ಪ ತೀರಿಕೊಂಡ. ಮರುವರ್ಷದ ಪೂಜೆಯಲ್ಲಿ ಅಣ್ಣಂದಿರ ಹಲಗೆಗಳು ಬೇಗನೆ ಒಂದಕ್ಕೊಂದು ಒಪ್ಪಿದವು. ತಂಗಿಯದು ಒಪ್ಪಲಿಲ್ಲ. ಅವಳು ವಾದಕ್ಕೆ ನಿಂತಳು. ಇಬ್ಬರ ಮಾತು ಒಂದಾದ ಮೇಲೆ ಮೂರನೆಯದೇ ಸೊಟ್ಟ ಎಂದು ಹಿರಿಯ ತೀರ್ಪು ಕೊಟ್ಟ. ತಂಗಿಯ ಮದುವೆ ಆಗಲೇ ಗೊತ್ತಾಗಿತ್ತು. ಹೊಳೆಯಾಚೆಯ ಊರಿಗೆ ಹೊರಟ ಬಳುವಳಿಯ ಬಂಡಿಯಲ್ಲಿ ಪಾತ್ರೆ ಪಗಡಗಳ ಜೊತೆ ಆ ಹಲಗೆಯನ್ನೂ ಹೇರಿಸಿದ. ತಮಾಷೆಗೆಂದೇ ಹೇರಿಸಿದ, ಆದರೆ ತಂಗಿಗೆ ಅದು ತಮಾಷೆಯಾಗಿ ಕಾಣಲಿಲ್ಲ. ಬಂಡಿ ಹತ್ತುವಾಗ ಅವಳು ಅತ್ತದ್ದು ತವರು ಬಿಡುವುದಕ್ಕಷ್ಟೇ ಅಲ್ಲ.

"ಬ್ಯಾಡಂತ ಕಳಸಾಕತ್ತೀರಿ," ಎಂದಳು. "ಬೇಕಾದಾಗ ನಾ ತರೂದಿಲ್ಲಣ್ಣ, ನೀನ ಹೊತಗೊಂಡು ಬರಬೇಕು."

ಅಂದಿನಿಂದ ಕಾರ್ಖಾನೆಗೆ ಸುಗ್ಗಿಯೇ ಸುಗ್ಗಿ. ಮೂರು ಸುತ್ತಿನ ಕೆಲಸ ಒಂದೇ ಸುತ್ತಿಗೆ ಮುಗಿಯಿತು. ವರ್ಷ ವರ್ಷವೂ ಅಣ್ಣ ತಮ್ಮ ಎರಡೇ ಹಲಗೆ ಉಜ್ಜಿದರು. ವರ್ಷ ವರ್ಷವೂ ಅವು ಇನ್ನಷ್ಟು ಚೆನ್ನಾಗಿ ಒಪ್ಪಿದವು. ಬಂದವರ ಮುಂದೆ ಒಂದರ ಮೇಲೊಂದು ಇಟ್ಟು, ಎತ್ತಿ ನೋಡಿ ಎನ್ನುತ್ತಿದ್ದರು. ನಾಲ್ಕು ಜನ ಕೂಡಿ ಮೇಲಿನದನ್ನು ಎತ್ತಿದರೆ ಕೆಳಗಿನದೂ ಅಂಟಿಕೊಂಡು ಏಳುತ್ತಿತ್ತು. ರಾಮ ಲಕ್ಷ್ಮಣರೆಂದರೆ ಇವರೇ ಎಂದು ಜನ ಕೊಂಡಾಡಿದರು. ಹಿರಿಯನ ಎದೆ ಹಿಗ್ಗಿ ಹೀರೇಕಾಯಿಯಾಯಿತು.

ಲೇತ್‌ಗಳು ಹತ್ತಾರು ಊರಿಗೆ ಹೋದವು. ಆಮೇಲೆ ಒಂದೊಂದಾಗಿ ದೂರು ಬಂದವು. ನಿಮ್ಮ ಯಂತ್ರದಲ್ಲಿ ಮಾಡಿದ ಸಲಾಕೆ ತಿರುಗುವಾಗ ಕಾದು ಕೆಂಡವಾಗುತ್ತದೆ, ಸಿಕ್ಕಿಕೊಂಡು ನಿಲ್ಲುತ್ತದೆ ಎಂದರು. ಹಿರಿಯ ಅವರವರ ಕೆಲಸಗಾರರನ್ನು ದೂರಿದ. ಕುಣಿಯಲಾರದವಳಿಗೆ ನೆಲ ಡೊಂಕು ಅಂತಾರಲ್ಲ, ಹಾಗೆ. ಒಂದು ದಿನ ಹತ್ತಿ ಗಿರಣಿಯ ಸಾಹುಕಾರ ತಾನೇ ಬಂದ. ಇವರ ಲೇತ್‌ನಲ್ಲಿ ಮಾಡಿದ ಸಲಾಕೆಯನ್ನು ಮೇಜಿನ ಮೇಲಿಟ್ಟು ಅದಕ್ಕೊಂದು ಉಕ್ಕಿನ ಉಂಗುರ ತೊಡಿಸಿದ. ಉಂಗುರ ಈ ತುದಿಯಿಂದ ಸರ್ರನೆ ಜಾರಿ ನಡುವೆ ಸಿಕ್ಕಿತು. ತೆಗೆದು ಆ ತುದಿಯಿಂದ ತೊಡಿಸಿದ. ಮತ್ತೆ ನಡುವೆ ಸಿಕ್ಕಿತು. ಸಲಾಕೆ ಗರ್ಭಿಣಿಯಾಗಿದೆಯಲ್ಲ ಯಜಮಾನರೇ ಎಂದು ನಕ್ಕ. ಆ ನಗು ಹಿರಿಯನ ಕರುಳಿಗೆ ನಾಟಿತು. ಹತ್ತಿ ಬಿಡಿಸುವ ಹೊತ್ತಿಗೆ ನೆಟ್ಟಗಿನ ಲೇತ್ ಕೊಡದಿದ್ದರೆ ಈ ಉಂಗುರ ಹಿಡಿದು ಸಂತೆ ಸಂತೆ ತಿರುಗುತ್ತೇನೆ ಎಂದು ಹೇಳಿ ಸಾಹುಕಾರ ಹೊರಟುಹೋದ. ಹಾಗೇನಾದರೂ ಆದರೆ ಅಪ್ಪನ ಹೆಸರೂ ಹೋಯಿತು, ಕುಲುಮೆಯ ಬೆಂಕಿಯೂ ಆರಿತು.

ಹಿರಿಯ ಕಬ್ಬಿಣ ಬದಲಿಸಿದ, ಎರಕ ಬದಲಿಸಿದ, ಆಳು ಬದಲಿಸಿದ. ಹೊಸ ತಳವನ್ನು ತನ್ನ ಹಲಗೆಯಿಂದ ಪರೀಕ್ಷಿಸಿದ, ಸರಿಯಾಗಿ ಕೂತಿತು. ತನ್ನ ಹಲಗೆಯನ್ನು ತಮ್ಮನ ಹಲಗೆಯಿಂದ ಪರೀಕ್ಷಿಸಿದ, ಅಂಟಿಕೊಂಡಂತೆ ಕೂತಿತು. ಎಲ್ಲವೂ ಸರಿ, ಉಂಗುರ ಮಾತ್ರ ನಡುವೆ ಸಿಕ್ಕುತ್ತಿತ್ತು. ಹಿರಿಯನಿಗೆ ಅನ್ನ ಸೇರದಾಯಿತು.

ಅಷ್ಟರಲ್ಲಿ ಆಯುಧಪೂಜೆ ಬಂತು. ಅಣ್ಣ ತಮ್ಮ ಎರಡು ಹಲಗೆ ಉಜ್ಜಿ ಮುಗಿಸಿದರು. ಮಂಗಳಾರತಿ ಎತ್ತಬೇಕು, ಹಿರಿಯನ ಕೈ ತನ್ನಷ್ಟಕ್ಕೆ ಬಲಕ್ಕೆ ಚಾಚಿತು. ಅಪ್ಪನ ಪಕ್ಕ ಕೂತು ಕಲಿತ ಕೈ ಅದು. ಮೊದಲನೆಯದಾಯಿತು, ಎರಡನೆಯದಾಯಿತು, ಇನ್ನು ಮೂರನೆಯದು ಎಂದು ಹುಡುಕಿತು. ಸಿಕ್ಕಿದ್ದು ಬರೀ ನೆಲ. ಹಿರಿಯ ಆರತಿ ತಟ್ಟೆಯನ್ನು ತಮ್ಮನ ಕೈಗೆ ಕೊಟ್ಟು ಎದ್ದವನೇ ಬಂಡಿ ಹೂಡಿಸಿದ.

ಹೊಳೆಯಾಚೆ ತಂಗಿ ಅಂಗಳದಲ್ಲಿ ಹಪ್ಪಳ ಲಟ್ಟಿಸುತ್ತಿದ್ದಳು. ಲಟ್ಟಿಸುತ್ತಿದ್ದದ್ದು ಅದೇ ಹಲಗೆಯ ಮೇಲೆ. ಅಣ್ಣನನ್ನು ಕಂಡು ಎದ್ದಳು, ನೀರು ಕೊಟ್ಟಳು, ಬಂದದ್ದೇಕೆಂದು ಕೇಳಲಿಲ್ಲ. ಹಿಟ್ಟು ಒರೆಸಿ ಹಲಗೆಯನ್ನು ಅವನತ್ತ ಸರಿಸಿದಳು. ಇಬ್ಬರು ಎತ್ತುವ ಭಾರ ಅದು. ಹಿರಿಯ ಆಳನ್ನು ಕರೆಯಲಿಲ್ಲ, ಬಂಡಿಗೂ ಹೇರಿಸಲಿಲ್ಲ. ರುಮಾಲು ಬಿಚ್ಚಿ ಬೆನ್ನಿಗೆ ಹಾಸಿಕೊಂಡು, ಹಲಗೆ ಹೊತ್ತು, ಆ ಊರ ಬೀದಿಯಲ್ಲಿ ಬಾಗಿ ನಡೆದ. ಬೀಗರ ಊರು, ಜನ ಬಾಗಿಲಿಗೆ ಬಂದು ನೋಡಿದರು. ಅವನಿಗೆ ನಾಚಿಕೆಯಾಗಲಿಲ್ಲ ಎಂದಲ್ಲ, ಆಯಿತು. ಹಿಂದೆ ತಂಗಿಯೂ ಬಂದಳು. ಹೊಳೆ ಹತ್ತಿರವಾದಾಗ ಸೆರಗು ಕಟ್ಟಿ ಒಂದು ಅಂಚಿಗೆ ತಾನೂ ಕೈ ಕೊಟ್ಟಳು.

ಕಾರ್ಖಾನೆಯಲ್ಲಿ ಎಲ್ಲರೂ ಸುತ್ತ ನಿಂತರು. ತಂಗಿಯ ಹಲಗೆಗೆ ಕಾವಿ ಬಳಿದು ತಮ್ಮನ ಹಲಗೆಯ ಮೇಲೆ ಉಜ್ಜಿದರು. ಅಂಚು ಮಾತ್ರ ಕೆಂಪಾಯಿತು. ಹಿರಿಯನ ಹಲಗೆಯ ಮೇಲೆ ಉಜ್ಜಿದರು. ನಡು ಮಾತ್ರ ಕೆಂಪಾಯಿತು. ನೋಡಿದಿರಾ, ಇವಳ ಹಲಗೆ ಯಾರಿಗೂ ಒಪ್ಪುವುದಿಲ್ಲ ಎಂದು ತಮ್ಮ ಕೈಚೆಲ್ಲಿದ. ಹೌದೆನ್ನಲು ಹಿರಿಯ ತಲೆ ಆಡಿಸಬೇಕು, ಅರ್ಧಕ್ಕೇ ನಿಂತ. ನಡುವಿನ ಕೆಂಪು ನೋಡಿದ, ಅಂಚಿನ ಕೆಂಪು ನೋಡಿದ.

"ತಮ್ಮಾ, ಒಂದ ಹಲಗಿ ನನಗ ನಡುವ ತಾಕತೈತಿ, ನಿನಗ ಅಂಚಿಗೆ ತಾಕತೈತಿ," ಎಂದ. "ನಾ ಉಬ್ಬೇನಿ, ನೀ ತಗ್ಗೀದಿ. ಅದಕ್ಕ ನಾವಿಬ್ರೂ ಇಷ್ಟು ಚಂದ ಕೂಡೇವಿ."

ಆಮೇಲೆ ಶುರುವಾಯಿತು ನೋಡು ಕೆಲಸ! ಉಳಿ ಮಸೆದರು, ಕಾವಿ ಕಲಸಿದರು. ಊಟಕ್ಕೆ ಕರೆದವರನ್ನು ಗದರಿ ಕಳಿಸಿದರು. ಮೊದಲನೆಯದು ಎರಡನೆಯದಕ್ಕೆ, ಎರಡನೆಯದು ಮೂರನೆಯದಕ್ಕೆ, ಮೂರನೆಯದು ಮೊದಲನೆಯದಕ್ಕೆ. ಇಲ್ಲಿ ಕೂತಿಲ್ಲ, ಇನ್ನೊಮ್ಮೆ ಉಜ್ಜು ಎಂದು ತಂಗಿ ಹಳೆಯ ರಾಗ ತೆಗೆದಳು. ಉಜ್ಜತೇವವ್ವಾ ಉಜ್ಜತೇವಿ ಎಂದು ಅಣ್ಣಂದಿರು ನಗುತ್ತ ಉಜ್ಜಿದರು. ಸುತ್ತು ಸುತ್ತಿಗೂ ಕೆಂಪು ಹರಡಿತು. ಕೊನೆಗೊಂದು ಸಲ ಮಗುಚಿ ನೋಡಿದರೆ, ಹಂಚಿನ ಮೇಲಿನ ರೊಟ್ಟಿಗೆ ಚುಕ್ಕೆ ಬೀಳುವಂತೆ ಮೂರು ಹಲಗೆಯ ಮೈತುಂಬ ಸಣ್ಣ ಸಣ್ಣ ಕೆಂಪು ಚುಕ್ಕೆ. ಯಾವುದನ್ನು ಯಾವುದರ ಮೇಲಿಟ್ಟರೂ, ಹೇಗೆ ತಿರುಗಿಸಿಟ್ಟರೂ ಕೂತವು. ಹಿರಿಯ ಕಾವಿ ಕೈಯಲ್ಲೇ ಕಣ್ಣೊರೆಸಿಕೊಂಡ. ಮುಖವೆಲ್ಲ ಕೆಂಪಾಗಿ, ತಂಗಿ ಬಿದ್ದು ಬಿದ್ದು ನಕ್ಕಳು.

ಆ ಹಲಗೆಗಳಿಗೆ ಒಪ್ಪುವಂತೆ ತಳ ಹೆರೆದು ಲೇತ್ ಕಟ್ಟಿದರು. ಹೊಲದಲ್ಲಿ ಹತ್ತಿ ಬಿರಿಯುವ ಹೊತ್ತಿಗೆ ಸಾಹುಕಾರನೂ ಬಂದ. ಅವನ ಕಣ್ಣೆದುರೇ ಸಲಾಕೆ ಕೆತ್ತಿದರು. ಸಾಹುಕಾರ ಉಂಗುರ ತೊಡಿಸಿದ. ಉಂಗುರ ಜಾರಿತು, ನಡುವಿಗೆ ಬಂತು, ನಡು ದಾಟಿತು, ಆ ತುದಿಯಿಂದ ಕಳಚಿ ಠಣ್ಣನೆ ನೆಲಕ್ಕೆ ಬಿತ್ತು. ಕಾರ್ಖಾನೆಯ ತಗಡಿನ ಸೂರು ಹಾರಿಹೋಗುವಂತೆ ಜನ ಕೂಗಿದರು.

ಕಮ್ಮಾರನ ಮೊಮ್ಮಕ್ಕಳು ಈಗಲೂ ಯಂತ್ರ ಮಾಡುತ್ತಾರೆ. ಆಯುಧಪೂಜೆಗೆ ಹೊಳೆಯಾಚೆಯಿಂದ ಆ ಹೆಣ್ಣುಮಗಳ ಮನೆಯವರು ಬಂದೇ ಬರಬೇಕು. ಮೂರನೆಯ ಹಲಗೆ ಉಜ್ಜುವ ತನಕ ಆ ಮನೆಯಲ್ಲಿ ಯಾರಿಗೂ ಎಲೆ ಹಾಕುವುದಿಲ್ಲ.

ಅಜ್ಜನವರು ಕತೆ ನಿಲ್ಲಿಸಿ ಗಂಟಲು ತೊಯಿಸಿಕೊಂಡರು. ಕಲ್ಲಯ್ಯನಿಗೂ ಮೈ ಬೆಚ್ಚಗಾಗಿತ್ತು. ಆದರೆ ಮನಸ್ಸಿನ ಮೂಲೆಯಲ್ಲಿ ಹುಳುಕು ಇನ್ನೂ ಇತ್ತು. ಅಂದರೆ ತಂಗಿಯ ಹಲಗೆ ನೆಟ್ಟಗಿತ್ತೇ ಎಂದು ಕೇಳಿದ. ಎಲ್ಲಿಯದು ಎಂದರು ಅಜ್ಜನವರು. ವರ್ಷಗಟ್ಟಲೆ ಹಪ್ಪಳ ಲಟ್ಟಿಸಿ ಲಟ್ಟಿಸಿ ಅದೂ ನಡುವೆ ಸವೆದು ತಗ್ಗಾಗಿತ್ತು, ಅದನ್ನೂ ಮೈತುಂಬ ಹೆರೆಯಬೇಕಾಯಿತು.

ಕಲ್ಲಯ್ಯನ ಮುಖ ಅರಳಿತು.

"ಹಂಗಾದರ ಮಡಿವಾಳಪ್ಪನ ಮಾತೂ ತಪ್ಪ ಅಂದಂಗಾತಲ್ರಿ, ಅಜ್ಜಾರ?"

ದೂರದಲ್ಲಿ ಬಸ್ಸಿನ ಹಾರನ್ ಕೇಳಿಸಿತು. ಅಜ್ಜನವರು ಕಲ್ಲಯ್ಯನ ಹೆಗಲ ಮೇಲೆ ಕೈಯಿಟ್ಟರು.

"ತಪ್ಪಿರಬೌದು, ಆದರ ಲಗೂನ ಹೋಗಿ ಅವನ್ನ ಕರಕೊಂಡು ಬಾ, ನಾ ಎಷ್ಟು ಬಾಗೇನಿ ಅನ್ನೂದು ನಿನ್ನಿಂದ ನನಗ ಗೊತ್ತಾಗೂದಿಲ್ಲ."

ಕಲ್ಲಯ್ಯ ಧೋತರ ಎತ್ತಿ ಕಟ್ಟಿ ಬೇವಿನ ಕಟ್ಟೆಯ ಕಡೆಗೆ ಓಡಿದ.