ಮೂರುಕೂಗಿನ ಗುಡ್ಡ

ತೊಗರಿಹಾಳದಿಂದ ಮೂಡಣ ದಿಕ್ಕಿಗೆ ಹೊರಟರೆ, ಹಳ್ಳಕ್ಕೆ ಇಳಿಯುವ ಮೊದಲೇ ಎಡಗಡೆ ಒಂದು ಬೋಳುಗುಡ್ಡ ಕಾಣುತ್ತದೆ. ಗುಡ್ಡವೆನ್ನುವಷ್ಟು ಎತ್ತರವೂ ಅದಕ್ಕಿಲ್ಲ. ದುಂಡುಬಂಡೆಗಳು ಒಂದರ ಹೆಗಲ ಮೇಲೊಂದು ಕೂತಿವೆ, ಅಷ್ಟೆ. ನೆತ್ತಿಯಲ್ಲಿ ಗುಡಿಯಿಲ್ಲ, ಗೋರಿಯಿಲ್ಲ, ಹಚ್ಚಿಟ್ಟ ದೀಪವೂ ಇಲ್ಲ. ಒಂದು ಹಾಸುಗಲ್ಲು ಇದೆ. ಅದರಲ್ಲಿ ಇಬ್ಬರು ಅಕ್ಕಪಕ್ಕ ಕೂತೆದ್ದ ಹಾಗೆ ಎರಡು ತಗ್ಗು. ಹೊಸಬರು ಹೂವು ಕಾಯಿ ತಂದು, ಎಲ್ಲಿಡಬೇಕೆಂದು ತಿಳಿಯದೆ ಸುತ್ತಮುತ್ತ ನೋಡಿ, ಮರಳಿ ಒಯ್ಯುತ್ತಾರೆ. ಅಲ್ಲಿ ಸಲ್ಲಿಸಬೇಕಾದದ್ದು ದನಿ ಮಾತ್ರ. ಸುತ್ತಲ ಊರುಗಳಿಗೆಲ್ಲ ಅದು ಮೂರುಕೂಗಿನ ಗುಡ್ಡ. ಆ ಹೆಸರು ಬಂದ ಬಗೆಯನ್ನು ಅಲ್ಲಿಯ ಹಿರಿಯರು ಹೀಗೆ ಹೇಳುತ್ತಾರೆ.

ಹಿಂದೆ ಒಮ್ಮೆ, ಅಜ್ಜನ ಅಜ್ಜಂದಿರ ಕಾಲದಲ್ಲಿ, ಆ ಸೀಮೆಗೆ ಗಂಟುಬೇನೆ ಬಂತು. ಮೊದಲು ಇಲಿಗಳು ಜಂತಿಯಿಂದ ಉದುರಿದವು, ಆಮೇಲೆ ಮನುಷ್ಯರು. ಬಗಲಲ್ಲಿ ಗಂಟು ಕಟ್ಟಿ ಜ್ವರ ಏರಿದರೆ ಬದುಕಿ ಉಳಿಯುವವರು ಕಡಿಮೆ. ಊರಿಗೆ ಊರೇ ಮನೆಗಳಿಗೆ ಕದವಿಕ್ಕಿ ಹೊಲಗಳಿಗೆ ಹೋಯಿತು. ತೊಗರಿಕಟ್ಟಿಗೆ, ಜೋಳದ ಸೊಪ್ಪೆಯಿಂದ ಗುಡಿಸಲು ಹಾಕಿಕೊಂಡು, ಒಂದಕ್ಕೂ ಇನ್ನೊಂದಕ್ಕೂ ದೂರ ಬಿಟ್ಟು, ಗುಡ್ಡದ ಸುತ್ತ ಜನ ಚೆಲ್ಲಿಹೋದರು. ಒಬ್ಬರ ಗುಡಿಸಲಿಗೆ ಇನ್ನೊಬ್ಬರು ಕಾಲಿಡಬಾರದೆಂದು ಹಿರಿಯರು ಕಟ್ಟು ಮಾಡಿದರು. ಕಟ್ಟಿನಿಂದ ಹೊರಗುಳಿದವರಲ್ಲಿ ಊರಿನ ಅಯ್ಯ ಗದಿಗಯ್ಯನೂ ಒಬ್ಬ. ದಿನವೂ ಮನೆಮನೆಗೆ ಹೋಗಿ ಭಿಕ್ಷೆ ಬೇಡುವುದು, ಹಣೆಗೆ ವಿಭೂತಿ ಹಚ್ಚುವುದು, ಪ್ರಾಣ ಬಿಡುವವರ ಕಿವಿಯಲ್ಲಿ ಪಂಚಾಕ್ಷರಿ ಹೇಳುವುದು ಅವನ ಕಾಯಕ. ದೇವರ ಬೂದಿಗೆ ಬೇನೆ ಹತ್ತುವುದಿಲ್ಲ ಎಂದು ಅವನೂ ನಂಬಿದ್ದ, ಊರೂ ನಂಬಿತ್ತು. ಮೊಣಕಾಲ ಕೆಳಗೆ ಕಟ್ಟಿದ ಜಂಗಿನ ಗಂಟೆ ದೂರದಲ್ಲಿ ಕೇಳಿದರೆ ಸಾಕು, ಗುಡಿಸಲುಗಳ ಬಾಗಿಲಲ್ಲಿ ಮುಖಗಳು ಮೂಡುತ್ತಿದ್ದವು. ಅದೇ ಭರಣಿಗೆ ಅದೇ ಹೆಬ್ಬೆರಳು ಅದ್ದಿ, ಬೇನೆಬಿದ್ದವರ ಹಣೆ ಮುಟ್ಟಿ, ಮಕ್ಕಳ ಹಣೆ ಮುಟ್ಟಿ, ಅವನು ಮುಂದಕ್ಕೆ ಹೋಗುತ್ತಿದ್ದ.

ಒಂದು ಮುಂಜಾನೆ ದ್ಯಾಮವ್ವ ಎಂಬ ಮುದುಕಿ ಅವನನ್ನು ಕಂಡ ಕೂಡಲೇ ಗುಡಿಸಲಿನ ತಟ್ಟಿ ಎಳೆದುಕೊಂಡಳು. ಬಾಯಿ ಬಿಟ್ಟರೆ ಸಂತೆಯೇ ತಿರುಗಿ ನೋಡುವಂಥ ಹೆಂಗಸು.

"ಅಲ್ಲೇ ನಿಂದರ್ರಿ ಅಯ್ಯಾರ! ಒಳಗ ಬರಬ್ಯಾಡ್ರಿ."

"ಯಾಕ ದ್ಯಾಮವ್ವ, ಭಿಕ್ಷಾ ನೀಡಾಕ ಹಿಟ್ಟಿಲ್ಲೇನು?"

"ಹಿಟ್ಟೈತ್ರಿ, ಮೊಮ್ಮಕ್ಕಳೂ ಅದಾವು. ಅವು ಉಳೀಲಂತ ಬಾಗಿಲಾ ಹಾಕೀನಿ. ಕುಂಬಾರರ ಗುಡಿಸಲಕ್ಕ ಹೋದ್ರಿ, ಅಲ್ಲಿ ಬಿತ್ತು. ಅಲ್ಲಿಂದ ಬಣಗಾರರ ಕಡೆ ಹೋದ್ರಿ, ಅಲ್ಲೂ ಬಿತ್ತು. ನೀವು ನಡದ ಹಾದಿ ಹಿಡದ ಬ್ಯಾನಿ ನಡದೈತಿ. ನಿಮ್ಮ ಗಂಟಿ ಕೇಳಿದ್ರ ನನ್ನ ಸೊಸಿ ಹುಡುಗರನ್ನ ಬಚ್ಚಿಡತಾಳ್ರೀ. ಬೈತೀರೇನು, ಬೈರಿ. ನರಕಕ್ಕ ಹೋಗು ಅಂತೀರೇನು, ಹೋಗ್ತೀನಿ. ತಟ್ಟಿ ಮಾತ್ರ ತೆಗಿಯಾಂಗಿಲ್ಲ."

ಗದಿಗಯ್ಯ ಬಿಸಿಲಲ್ಲಿ ನಿಂತು ತಾನು ನಡೆದ ದಾರಿಯನ್ನು ಮನಸ್ಸಿನಲ್ಲೇ ಹಿಂದಕ್ಕೆ ನಡೆದ. ಮುದುಕಿ ಹೇಳಿದ್ದರಲ್ಲಿ ಒಂದು ಹೆಜ್ಜೆಯೂ ತಪ್ಪಿರಲಿಲ್ಲ. ಅವನು ಜಂಗು ಬಿಚ್ಚಿ, ಜೋಳಿಗೆಯೊಡನೆ ಬನ್ನಿಗಿಡಕ್ಕೆ ತೂಗುಹಾಕಿ, ತನ್ನ ಹೊಲದಲ್ಲಿ ಒಬ್ಬನೇ ಕೂತ. ಕೂತನೆಂದರೆ ಕೂರಲಾಗಲಿಲ್ಲ. ಎದ್ದ, ಬದುವಿನ ತನಕ ಹೋದ, ಮರಳಿದ, ಮತ್ತೆ ಎದ್ದ. ಯಾವ ಗುಡಿಸಲಿನಿಂದ ಅಳು ಕೇಳಿದರೂ ಕಾಲು ಅತ್ತ ಓಡುತ್ತಿತ್ತು. ಬದುವಿನ ಮೇಲೆ ತನ್ನ ಕಾಲನ್ನು ತಾನೇ ತಡೆದು ನಿಲ್ಲಿಸಬೇಕಾಗುತ್ತಿತ್ತು. ಹೋದರೆ ಸಾವು ಒಯ್ಯುತ್ತೇನೆ, ಹೋಗದಿದ್ದರೆ ಕಿವಿಯಲ್ಲಿ ಒಂದು ಮಾತೂ ಇಲ್ಲದೆ ಅವರು ಸಾಯುತ್ತಾರೆ: ಈ ಎರಡರ ನಡುವೆ ಅವನಿಗೆ ನೆಲವೇ ಸಿಗಲಿಲ್ಲ ಎನ್ನುತ್ತಾರೆ. ಅಂಥದರಲ್ಲಿ ಹಳ್ಳದಾಚೆಯಿಂದ ಸುದ್ದಿ ಬಂತು. ಊರೊಳಗೇ ಮದುವೆ ಮಾಡಿ ಕೊಟ್ಟಿದ್ದ ಮಗಳು ರಾಚಮ್ಮನ ಗಂಡ ತೀರಿಕೊಂಡ, ರಾಚಮ್ಮನಿಗೂ ಜ್ವರ, ಗಂಡನ ಮನೆಯವರು ಅಷ್ಟು ದೂರದ ಕಲ್ಲಿನ ಮೇಲೆ ನೀರು ಗಂಜಿ ಇಟ್ಟು ಬರುತ್ತಿದ್ದಾರೆ, ಗುಡಿಸಲಲ್ಲಿ ಅವಳೊಬ್ಬಳೇ. ತಾಯಿಯಿಲ್ಲದ ಆ ಒಬ್ಬಳೇ ಮಗಳನ್ನು ಗದಿಗಯ್ಯ ಭುಜದ ಮೇಲೆ ಕೂರಿಸಿಕೊಂಡೇ ಭಿಕ್ಷೆ ಬೇಡಿ ಬೆಳೆಸಿದ್ದ.

ಅವನು ಹಳ್ಳದ ಕಡೆ ಓಡಿದ. ದಂಡೆಗೆ ಬಂದಾಗ ದ್ಯಾಮವ್ವನ ತಟ್ಟಿ ನೆನಪಾಯಿತು. ಊರಿನ ಮಕ್ಕಳಿಗಾಗಿ ತಡೆದ ಕಾಲನ್ನು ತನ್ನ ಮಗಳಿಗಾಗಿ ಬಿಟ್ಟರೆ, ನಾಳೆ ಯಾರು ಯಾರನ್ನು ತಡೆಯುತ್ತಾರೆ? ತಿರುಗಿ ಗುಡ್ಡ ಹತ್ತಿದ. ಅಲ್ಲಿಂದ ಎಲ್ಲ ಗುಡಿಸಲುಗಳೂ ಕಾಣುತ್ತಿದ್ದವು, ಹಳ್ಳದಾಚೆಯ ಆ ಒಂಟಿ ಗುಡಿಸಲೂ. ಎದೆ ತುಂಬ ಗಾಳಿ ಎಳೆದುಕೊಂಡು, "ರಾಚಮ್ಮಾ!" ಎಂದು ಕೂಗಿದ. ಉತ್ತರವಿಲ್ಲ. ಕುಂಬಾರರ ಹಿರಿಯನ ಹೆಸರು ಹಿಡಿದು ಕೂಗಿದ, ಬಣಗಾರರ ಸೊಸೆಯನ್ನು ಕೂಗಿದ. ಯಾವ ಗುಡಿಸಲಿನಿಂದಲೂ ಓ ಬರಲಿಲ್ಲ. ಬಾಗಿಲಲ್ಲಿದ್ದವರು ಒಳಗೆ ಸರಿದರು. ಎಲ್ಲರೂ ತನ್ನ ಮೇಲೆ ಮುನಿದಿದ್ದಾರೆ, ಮಗಳಂತೂ ಹೋಗಿಯೇಬಿಟ್ಟಿದ್ದಾಳೆ ಎಂದುಕೊಂಡು ಅವನು ತಲೆಯ ಮೇಲೆ ಕೈಹೊತ್ತು ಕೂತ.

ಬಂಡೆಯ ಹಿಂದಿನಿಂದ ಯಾರೋ ಕೆಮ್ಮಿದರು. ದರ್ಗಾದ ಮುಜಾವರ ಮೋದಿನಸಾಬ. ನವಿಲುಗರಿಯ ಕುಂಚ ತಲೆಗೆ ಆಡಿಸಿ, ಲೋಬಾನದ ಹೊಗೆ ಕೊಟ್ಟು ಜನರಿಗೆ ಧೈರ್ಯ ಹೇಳುತ್ತಿದ್ದವನು. ಅವನೂ ಮನೆಮನೆಯ ತಿರುಗಾಟ ಬಿಟ್ಟು, ತನ್ನವರಿಗಾಗಿ ಅಲ್ಲಿಂದಲೇ ದುವಾ ಮಾಡಲು ಗುಡ್ಡ ಹತ್ತಿದ್ದ. ಸ್ವಲ್ಪ ದೂರ ಬಿಟ್ಟು ಕೂತ.

"ಅಯ್ಯಾರ, ಹಂಗ ಒಂದೊಂದ ಸಲ ಕರದ್ರ ಯಾರ ಓ ಅಂತಾರ್ರೀ? ನನ್ನನ್ನ ಕರದಿದ್ರ ನಾನೂ ಅಂತಿರಲಿಲ್ಲ."

"ನೀನೂ ಮುನಿದೀಯೇನಪಾ ಸಾಬಾ?"

"ಮುನಿಸಲ್ಲೋ ಮಾರಾಯಾ, ಅಂಜಿಕಿ. ನಿಮ್ಮ ಮಾರೆವ್ವಗ ನನ್ನ ಕೊರಳಾದ್ರೇನು, ನಿನ್ನ ಕೊರಳಾದ್ರೇನು? ಗುರತಿನ ದನೀಲೇ ಕರೀತಾಳಂತಲ್ಲ."

ಗದಿಗಯ್ಯ ಬೆಚ್ಚಿದ. ಬೇನೆಯ ಕಾಲದಲ್ಲಿ ಮಾರಿ ಬೇಕಾದವರ ದನಿಯಲ್ಲಿ ಹೆಸರು ಹಿಡಿದು ಕರೆಯುತ್ತಾಳೆ, ಓ ಎಂದವರನ್ನು ಒಯ್ಯುತ್ತಾಳೆ. ಆದರೆ ಮೂರು ಸಲ ಕರೆಯುವ ತಾಳ್ಮೆ ಅವಳಿಗಿಲ್ಲ. ಆದ್ದರಿಂದ ಮೂರನೆಯ ಕೂಗಿಗೇ ಓಗೊಡಬೇಕೆಂಬುದು ಆ ಸೀಮೆಯ ನಡಾವಳಿ. ಭುಜದ ಮೇಲಿದ್ದ ಪುಟ್ಟ ರಾಚಮ್ಮನಿಗೆ ಅದನ್ನು ಕಲಿಸಿದವನು ಅವನೇ. ನಾನು ಕರೆದರೂ ಅಷ್ಟೇ ಮಗಳೇ, ಮೂರು ಸಲ ಕೇಳಿಸಿಕೋ ಎಂದಿದ್ದ.

ಮತ್ತೆ ಎದ್ದು ನಿಂತ. "ರಾಚಮ್ಮಾ!" ಹಳ್ಳದಾಚೆ ಅಲುಗಾಟವಿಲ್ಲ. "ರಾಚಮ್ಮಾ!" ಮೋದಿನಸಾಬ ಕುಂಚ ಹಿಡಿದ ಕೈಯನ್ನು ಅಲ್ಲಾಡಿಸಲೇ ಇಲ್ಲ. "ರಾಚಮ್ಮಾ!" ಆಗ ಗಾಳಿಯಲ್ಲಿ ಒಣಸೊಪ್ಪೆಯ ಸದ್ದಿನಷ್ಟು ಸಣ್ಣಗೆ ಬಂತು: "ಓ ಅಪ್ಪಾ."

ಅಂದಿನಿಂದ ದಿನವೂ ಸಂಜೆ ಇಬ್ಬರೂ ಗುಡ್ಡ ಹತ್ತತೊಡಗಿದರು. ಒಬ್ಬೊಬ್ಬರನ್ನೂ ಮೂರು ಸಲ ಹೆಸರು ಹಿಡಿದು ಕರೆಯುವುದು, ಓ ಎಂದ ಮೇಲೆ ಮಾತಾಡುವುದು. "ನಾ ಬರಲಿಲ್ಲಂತ ಪೂಜಿ ಬಿಡಬ್ಯಾಡ್ರಿ, ಅಂಗೈಯಾಗ ಲಿಂಗೈತಿ, ಈಗ ನಿಮಗ ನೀವ ಅಯ್ಯಗೋಳು" ಎಂದು ಗದಿಗಯ್ಯ ಕೂಗುವನು. ಹಾಸಿಗೆ ಬಿಸಿಲಿಗೆ ಹಾಕಿದಿರಾ, ನೀರು ಕಾಯಿಸಿದಿರಾ ಎಂದು ಕೇಳುವನು. ಮೋದಿನಸಾಬನು ಸತ್ತವರ ಹೆಸರಿಗೆ ಫಾತಿಹಾ ಓದಿ, ಅತ್ತವರು ಅಳು ನಿಲ್ಲಿಸುವ ತನಕ ಮಾತಾಡಿಸುವನು. ಅಯ್ಯನ ಕೊರಳು ಕಟ್ಟಿದ ದಿನ ಸಾಬ ಅವನವರನ್ನೂ ಕರೆದನಂತೆ. "ಇವತ್ತ ಸಾಬರ ದನೀಲೆ ಶಿವ ಬಂದಾನ" ಎಂದು ದ್ಯಾಮವ್ವ ಕೂಗಿದ್ದಕ್ಕೆ, ಎಷ್ಟೋ ದಿನಗಳ ಮೇಲೆ ಆ ಹೊಲಗಳಲ್ಲಿ ನಗು ಕೇಳಿತಂತೆ.

ರಾಚಮ್ಮನ ದನಿ ದಿನದಿಂದ ದಿನಕ್ಕೆ ಸಣ್ಣದಾಯಿತು. ಒಂದು ಸಂಜೆ ಗದಿಗಯ್ಯ ಮೂರು ಸಲ ಕರೆದ. ಓ ಬರಲಿಲ್ಲ. ಮತ್ತೂ ಕರೆದ. ಆಮೇಲೆ ಇಳಿಜಾರಿನಲ್ಲಿ ಧಡಧಡ ಇಳಿಯತೊಡಗಿದ. ಮೋದಿನಸಾಬ ದೂರದ ಕಟ್ಟನ್ನು ಮರೆತು ಅವನ ರಟ್ಟೆ ಹಿಡಿದ.

"ಬಿಡೋ! ಇನ್ನೂ ಜೀವ ಇದ್ದರ? ಕಿವಿಯಾಗ ಒಂದ ಮಾತ ಹೇಳಿ ಬರತೀನಿ."

"ಹೇಳು. ಆದ್ರ ಇಲ್ಲಿಂದ ಹೇಳು, ಅಯ್ಯಾ. ಆಕೀ ಹತ್ರ ಹೋಗಿ ಬಂದ ಮ್ಯಾಲೆ ನಾಳೆ ಯಾರನ್ನ ಕರೀತಿ?"

ಅವನು ಕೊಸರಾಡುತ್ತಿರುವಾಗಲೇ ಕೆಳಗಿನಿಂದ ಒಂದು ದೊಡ್ಡ ದನಿ ಎದ್ದಿತು. "ಓ! ಓ ಅಯ್ಯಾರ! ನಾ ದ್ಯಾಮವ್ವರೀ, ಹಳ್ಳದ ದಂಡಿಮ್ಯಾಲೆ ನಿಂತೀನಿ. ನನಗ ಹೇಳ್ರಿ, ನಾ ಆಚೆ ಮುಟ್ಟಸ್ತೀನಿ." ಬಾಗಿಲು ಮುಚ್ಚಿದ್ದ ಆ ಮುದುಕಿಯೇ ರಾಚಮ್ಮನ ಹೆಸರಿಗೆ ಓಗೊಟ್ಟಿದ್ದಳು. ಅವಳ ಬೆನ್ನಿಗೆ ಕುಂಬಾರರ ಗುಡಿಸಲಿನಿಂದ ಓ ಬಂತು, ಬಣಗಾರರ ಗುಡಿಸಲಿನಿಂದ ಬಂತು. ಗುಡ್ಡದ ಸುತ್ತ, ಬದುಕಿದ್ದವರೆಲ್ಲ ಓ ಎಂದರು. ಗದಿಗಯ್ಯ ಹಾಸುಗಲ್ಲಿಗೆ ಮರಳಿ, ಮಗಳ ಕಿವಿಯಲ್ಲಿ ಹೇಳಬೇಕಾಗಿದ್ದುದನ್ನು ಬಯಲಿಗೆಲ್ಲ ಕೇಳುವಂತೆ ಹೇಳಿದ. ದ್ಯಾಮವ್ವ ಒಂದೊಂದೇ ಅಕ್ಷರವನ್ನು ಹಳ್ಳ ದಾಟಿಸಿದಳು. ಬೆಳಗಾದಾಗ ಗಂಜಿ ಇಡಲು ಬಂದ ಗಂಡನ ಮನೆಯವರು ನೋಡಿದರೆ, ರಾಚಮ್ಮ ಲಿಂಗವನ್ನು ಅಂಗೈಯಲ್ಲಿ ಹಿಡಿದು, ಮುಖವನ್ನು ಗುಡ್ಡದ ಕಡೆ ತಿರುಗಿಸಿಕೊಂಡು ಮಲಗಿದ್ದಳಂತೆ. ಮಾತು ಮುಟ್ಟಿತ್ತೋ ಇಲ್ಲವೋ ಹೇಳುವವರು ಯಾರೂ ಇರಲಿಲ್ಲ. ಗದಿಗಯ್ಯ ಆ ಸಂಜೆಯೂ ಗುಡ್ಡ ಹತ್ತಿದ, ಮೊದಲು ಅವಳ ಹೆಸರನ್ನೇ ಕೂಗಿದ. ಮೂರನೆಯ ಕೂಗಿಗೆ ಊರು ಓ ಎಂದಿತು. ಬೇನೆ ಇಳಿದು ಜನ ಮನೆಗಳಿಗೆ ಮರಳಿದ ಮೇಲೂ, ಅವನಿಗೆ ಎಲ್ಲಿ ಕೂತರೂ ಕೂತ ಹಾಗಾಗದೆ, ಸಂಜೆಯಾದರೆ ಅಲ್ಲಿಗೇ ಹೋಗುತ್ತಿದ್ದನೆಂದೂ, ಪಕ್ಕದ ತಗ್ಗಿನಲ್ಲಿ ಮೋದಿನಸಾಬ ಬಂದು ಕೂತಿರುತ್ತಿದ್ದನೆಂದೂ ಹೇಳುತ್ತಾರೆ.

ಇಂದಿಗೂ ಆ ಗುಡ್ಡ ಹತ್ತುವವರಿದ್ದಾರೆ. ಮಕ್ಕಳು ದೂರವಿರುವವರು, ಹೊಗೆಯಾಗಿ ಹೋದವರನ್ನೂ ಮಣ್ಣಿಗೆ ಕೊಟ್ಟವರನ್ನೂ ಮರೆಯಲಾರದವರು, ತವರಿನ ದಾರಿ ಬಹಳ ಉದ್ದವಾಗಿಹೋದ ಹೆಂಗಸರು. ಹಾಸುಗಲ್ಲಿನ ಮೇಲೆ ನಿಂತು ಬೇಕಾದವರ ಹೆಸರನ್ನು ಒಂದು ಸಲ ಕೂಗುತ್ತಾರೆ, ಎರಡು ಸಲ ಕೂಗುತ್ತಾರೆ. ಅಷ್ಟಕ್ಕೆ ಯಾರೂ ತಿರುಗಿ ನೋಡುವುದಿಲ್ಲ. ಮೂರನೆಯ ಸಲ ಕೂಗಿದಾಗ, ಅವರ ಗುರುತೂ ಇಲ್ಲದ ಯಾರೋ, ಕೆಳಗಿನ ಹೊಲದಲ್ಲಿ ಕಳೆ ತೆಗೆಯುತ್ತಿರುವವಳೋ ಕುರಿ ತಿರುಗಿಸುತ್ತಿರುವವನೋ, ಬಗ್ಗಿಸಿದ ತಲೆ ಎತ್ತದೆಯೇ ಓ ಎನ್ನುತ್ತಾರೆ.