ಮುಸುವ ನಡೆದ ದಾರಿ

ಗುಡ್ಡ ಕುಸಿದು, ಹೊಳೆಗೆ ಹೋಗುವ ಕಾಡುದಾರಿ ಮುಚ್ಚಿಹೋಗಿತ್ತು. ಯಾರೂ ಕರೆಯದಿದ್ದರೂ ಕರಡಿ, ಮುಳ್ಳುಹಂದಿ, ಕಡವೆಗಳು ಬುತ್ತಿ ಕಟ್ಟಿಕೊಂಡು ಬಂದು, ಅಲ್ಲೇ ಬೀಡುಬಿಟ್ಟು ಮಣ್ಣು ಸರಿಸತೊಡಗಿದವು. ಮರದ ಮೇಲಿದ್ದ ಮುಸುವಕ್ಕೆ ಅದನ್ನು ನೋಡಿ ಎರಡು ದಿನ ನಗುವೋ ನಗು.

"ನನಗಂತೂ ದಾರಿಯ ಹಂಗಿಲ್ಲ," ಎಂದಿತು.

"ನಿಜ," ಎಂದಿತು ಮುಳ್ಳುಹಂದಿ. "ಆದರೆ ಕಡವೆಯ ಮರಿಗಳು ಓಡಾಡುವ ಜಾಗದ ಮೇಲೇ ಮುರಿದ ಕೊಂಬೆ ನೇತಾಡುತ್ತಿದೆ. ನಮಗದು ಎಟುಕದು."

ಮುಸುವ ಕೊಂಬೆಯನ್ನು ನೋಡಿತು, ಮರಿಗಳನ್ನು ನೋಡಿತು. ನಗು ನಿಂತಿತು. "ಎಲ್ಲರೂ ಆಚೆ ಸರಿಯಿರಿ!" ಎಂದು ಕೂಗಿ, ಕೊಂಬೆಯ ಮೇಲೆ ಕುಪ್ಪಳಿಸಿ ಕುಪ್ಪಳಿಸಿ ಅದನ್ನು ಕೆಡವಿತು.

ಮರುದಿನ ಸಂಜೆ ದಾರಿ ತೆರೆಯಿತು. ಮರಿಗಳು ನೀರಿಗೆ ಓಡಿದವು. ಅವುಗಳ ಹಿಂದೆಯೇ ಮುಸುವ ಬಾಲವೆತ್ತಿಕೊಂಡು ನೆಲದ ಮೇಲೆ ನಡೆದುಕೊಂಡೇ ಹೊರಟಿತು.

"ಮರದ ಮೇಲೆ ಹೋಗುವುದಿಲ್ಲವೇ?" ಎಂದಿತು ಮುಳ್ಳುಹಂದಿ.

"ಇರಯ್ಯ, ನಮ್ಮ ದಾರಿ ಹೇಗಾಗಿದೆ ಎಂದು ನೋಡಬೇಡವೇ?"